ನಡೆಯುವವರಿಗೆ ಟಿಕೆಟ್, ನಡೆಸುವವರಿಗೆ?

2024ರ ಜನವರಿಯಲ್ಲಿ ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ಶನಿವಾರ, ಭಾನುವಾರ ಸೇರಿ ಮೂರು ದಿನ ಸಾಲು ರಜೆ. ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಯುವಕ ಯುವತಿಯರು ಬೆನ್ನಿಗೆ ಬ್ಯಾಗ್ ಏರಿಸಿಕೊಂಡು, ಹೆಜ್ಜೆ ಇಡಲೂ ಜಾಗವಿಲ್ಲದಂತೆ ಒತ್ತಿ ನಿಂತಿದ್ದ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅದು ಪುಷ್ಪಗಿರಿ ವನ್ಯಜೀವಿ ಧಾಮದ ಬೆಟ್ಟ. ಸುಮಾರು 102 ಚದರ ಕಿಲೊಮೀಟರಿನ ಈ ಪುಟ್ಟ ಧಾಮ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ವಿಡಿಯೊ ಹರಿದಾಡಿದ ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಇಲ್ಲದ ಚಾರಣಪಥಗಳಿಗೆ ತಾತ್ಕಾಲಿಕ ನಿರ್ಬಂಧ ಹಾಕುವಂತೆ ಸೂಚಿಸಿದರು. ಮುಂದೆ ಒಂದು ಪಥಕ್ಕೆ ದಿನಕ್ಕೆ 300 ಜನರ ಮಿತಿ ಬಂತು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಸಿಗತೊಡಗಿತು.

ಇದು ಆಗಬೇಕಾದ ಕೆಲಸವೇ. ರೇಂಜ್ ಆಫೀಸಿಗೆ ಅಲೆದು, ಪರಿಚಯದವರಿಂದ ಫೋನ್ ಮಾಡಿಸಿ ಪರ್ಮಿಷನ್ ಗಿಟ್ಟಿಸುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ವಾಸಿ. ಬೆಟ್ಟಕ್ಕೂ ಉಸಿರಾಡಲು ಬಿಡುವು ಸಿಕ್ಕಿತು. ಆದರೆ ಈ ವ್ಯವಸ್ಥೆಯಲ್ಲಿ ಒಂದು ಪ್ರಶ್ನೆ ಬಾಕಿ ಉಳಿದಿದೆ. ಟಿಕೆಟ್ ಸಿಗುವುದು ಚಾರಣಿಗನ ಹೆಸರಿಗೆ, ಅವನ ಗುರುತಿನ ಚೀಟಿಯ ಮೇಲೆ. ಹಾಗಾದರೆ ಅವನನ್ನು ಕರೆತಂದವರು ಯಾರು? ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್‌ಗಳಲ್ಲಿ ಘಟ್ಟದ ಕಡೆ ಹೊರಡುವವರಲ್ಲಿ ಬಹಳ ಮಂದಿ ಒಬ್ಬರಿಗೊಬ್ಬರು ಅಪರಿಚಿತರು. ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ನೋಡಿ, ‘ಪ್ರಯಾಣ, ತಿಂಡಿ, ಪರ್ಮಿಷನ್, ಗೈಡ್ ಎಲ್ಲ ಸೇರಿ’ ಎಂಬ ಒಂದೇ ಸಾಲನ್ನು ನಂಬಿ ಹಣ ಕಟ್ಟಿದವರು. ಬೆಟ್ಟದಲ್ಲಿ ಅವರ ಜೀವ ಯಾರ ಕೈಯಲ್ಲಿ ಇರುತ್ತದೋ ಆ ‘ಟ್ರೆಕ್ ಲೀಡ್’ ಕೂಡ ಚೆಕ್‌ಪೋಸ್ಟಿನಲ್ಲಿ ಮತ್ತೊಬ್ಬ ಟಿಕೆಟ್‌ದಾರ, ಅಷ್ಟೆ. ಬಸ್ಸಿನಲ್ಲಿ ಪ್ರಯಾಣಿಕನಿಗೆ ಟಿಕೆಟ್, ಚಾಲಕನಿಗೆ ಲೈಸೆನ್ಸು, ವಾಹನಕ್ಕೆ ಪರ್ಮಿಟ್ಟು ಎಂದು ಮೂರನ್ನೂ ಬೇರೆ ಬೇರೆಯಾಗಿ ಕೇಳುವ ನಾವು, ಬೆಟ್ಟದ ವಿಷಯದಲ್ಲಿ ಪ್ರಯಾಣಿಕನ ಟಿಕೆಟ್ ಮಾತ್ರ ಹರಿದು ಕೈತೊಳೆದುಕೊಂಡಿದ್ದೇವೆ.

ಈ ಲೇಖನ ಅಂಥ ಸಂಘಟಕರ ಕುರಿತದ್ದು. ಸಾರ್ವಜನಿಕ ಜಾಗದಲ್ಲಿ ಚಾರಣ, ಬಂಡೆ ಹತ್ತುವುದು, ರಾಫ್ಟಿಂಗ್ ಇತ್ಯಾದಿ ನಡೆಸಲು ಹೊರಟವರು ಯಾರನ್ನು, ಏನೆಂದು ಕೇಳಬೇಕು? ಕೇಳಿಸಿಕೊಳ್ಳುವವರು ಏನನ್ನು ನೋಡಿ ಹೂಂ ಅನ್ನಬೇಕು?

ಮೊದಲು ತಿಳಿಯಬೇಕಾದದ್ದು ಜಾಗ ಯಾರದು ಎಂಬುದು. ಕೇಳಲು ಸುಲಭ, ಉತ್ತರ ಹುಡುಕುವುದು ಕಷ್ಟ. ಬಯಲುಸೀಮೆಯ ಯಾವುದಾದರೂ ಕಲ್ಲುಬೆಟ್ಟದ ಬುಡಕ್ಕೆ ಹೋಗಿ, ‘ದಿಶಾಂಕ್’ ಆ್ಯಪ್ ತೆರೆದು ನಿಂತಲ್ಲೇ ಒತ್ತಿದರೆ ಕಾಲ ಕೆಳಗಿನ ನೆಲದ ಸರ್ವೆ ನಂಬರ್ ಬರುತ್ತದೆ. ಆ ನಂಬರಿನ ಪಹಣಿ ತೆಗೆದು ಒಂಬತ್ತನೇ ಕಾಲಂ ನೋಡಿದರೆ ಹಕ್ಕುದಾರ ಯಾರೆಂದು ಗೊತ್ತಾಗುತ್ತದೆ. ನೂರು ಹೆಜ್ಜೆ ಮುಂದೆ ನಡೆದು ಮತ್ತೆ ಒತ್ತಿ. ನಂಬರ್ ಬದಲಾಗಿರಬಹುದು. ಗಾಡಿ ನಿಲ್ಲಿಸಿದ ಜಾಗ ಯಾರದೋ ಮಾವಿನ ತೋಪು, ದಾರಿ ಶುರುವಾಗುವಲ್ಲಿ ಗೋಮಾಳ, ನಡುವಿನ ಕುರುಚಲು ಕಾಡು ಮೀಸಲು ಅರಣ್ಯ, ತುದಿಯ ಗುಡಿ ಮುಜರಾಯಿಗೆ ಸೇರಿದ್ದು, ಪಕ್ಕದ ಹಳೇ ಕೋಟೆಗೋಡೆ ಪುರಾತತ್ತ್ವ ಇಲಾಖೆಯದು ಎನ್ನುವಂಥ ಬೆಟ್ಟಗಳು ನಮ್ಮಲ್ಲಿ ಬೇಕಾದಷ್ಟಿವೆ. ಒಂದು ಇಲಾಖೆಯ ಕಾಗದ ಹಿಡಿದು ಇನ್ನೊಂದರ ನೆಲಕ್ಕೆ ಕಾಲಿಟ್ಟರೆ ಅದು ಅನುಮತಿ ಇಲ್ಲದ ಪ್ರವೇಶವೇ. ಗೋಮಾಳ, ಸರ್ಕಾರಿ ಖರಾಬು ಕಂದಾಯ ಇಲಾಖೆಯ ಸುಪರ್ದಿಯಲ್ಲಿರುತ್ತವೆ. ತಹಶೀಲ್ದಾರರ ಕಚೇರಿಯಿಂದ ಆರಂಭಿಸಬೇಕು. ಕೇಂದ್ರ ಪುರಾತತ್ತ್ವ ಇಲಾಖೆ ರಕ್ಷಿಸುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಅಲ್ಲಿ ಏನನ್ನಾದರೂ ಕಟ್ಟುವ ಯೋಚನೆ ಇದ್ದರೆ ಮೊದಲೇ ಕೈಬಿಡುವುದು ಕ್ಷೇಮ. ಹಂಪಿಯ ಬಂಡೆಗಳ ಮೇಲೆ ಬೌಲ್ಡರಿಂಗ್ ಮಾಡಲು ದೇಶ ವಿದೇಶಗಳಿಂದ ಬರುವವರಿಗೆ ತುಂಗಭದ್ರೆಯ ಆಚೆ ದಡದ ವಿರೂಪಾಪುರ ಗಡ್ಡಿ ನೆಲೆಯಾಗಿತ್ತು. ಅಲ್ಲಿನ ರೆಸಾರ್ಟ್‌ಗಳು ಅನಧಿಕೃತ ಎಂಬ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಜೆಸಿಬಿಗಳು ಬಂದವು. ವರ್ಷಗಟ್ಟಲೆ ಯಾರೂ ಕೇಳಲಿಲ್ಲ ಎಂಬುದು ಅನುಮತಿ ಇದ್ದಂತೆ ಆಗುವುದಿಲ್ಲ.

ಇನ್ನು ಕಾಡು. ಕರ್ನಾಟಕದ ಹೆಸರಾಂತ ಚಾರಣಪಥಗಳಲ್ಲಿ ಹೆಚ್ಚಿನವು ಇರುವುದು ಅರಣ್ಯ ಇಲಾಖೆಯ ನೆಲದಲ್ಲಿ. ಮೀಸಲು ಅರಣ್ಯವಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅನ್ವಯಿಸುತ್ತದೆ. ಅಪ್ಪಣೆ ಇಲ್ಲದೆ ಒಳಹೋಗುವುದೇ ಅಪರಾಧ. ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನವಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕುಮಾರ ಪರ್ವತಕ್ಕೂ ಕುದುರೆಮುಖಕ್ಕೂ ಅನ್ವಯಿಸುವುದು ಇದೇ. ಇದರ 28ನೇ ಕಲಮನ್ನು ಪ್ರತಿ ಸಂಘಟಕನೂ ಒಮ್ಮೆ ಓದಬೇಕು. ಯಾವ ಯಾವ ಕಾರಣಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರು ಪ್ರವೇಶಕ್ಕೆ ಅನುಮತಿ ಕೊಡಬಹುದು ಎಂಬ ಪಟ್ಟಿ ಅಲ್ಲಿದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸೋದ್ಯಮ, ಒಳಗೆ ವಾಸಿಸುವವರೊಡನೆ ಕಾನೂನುಬದ್ಧ ವ್ಯವಹಾರ. ಸಾಹಸ ಕ್ರೀಡೆಯ ಹೆಸರೇ ಅಲ್ಲಿಲ್ಲ. ಚಾರಣವೂ ಬಂಡೆ ಹತ್ತುವಿಕೆಯೂ ಪ್ರವಾಸೋದ್ಯಮದ ಲೆಕ್ಕದಲ್ಲೇ ಒಳಬರಬೇಕು. ಅದೂ ಹಕ್ಕಿನಿಂದಲ್ಲ; ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಮುಂದಿನ ಕಲಮುಗಳು ಇನ್ನೂ ಖಡಕ್. ಪ್ರಾಣಿಗಳ ನೆಲೆಗೆ ಹಾನಿ ಮಾಡುವಂತಿಲ್ಲ, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವಂತಿಲ್ಲ. ‘ನಕ್ಷತ್ರಗಳ ಕೆಳಗೆ ಕ್ಯಾಂಪ್‌ಫೈರ್’ ಎಂದು ಜಾಹೀರಾತು ಹಾಕಿ ಜನ ಸೇರಿಸುವವರು ಇದನ್ನು ಗಮನಿಸಬೇಕು. ಒಣಹುಲ್ಲಿನ ಬೆಟ್ಟದಲ್ಲಿ ಅವರು ಮಾರುತ್ತಿರುವುದು ಕಾನೂನು ತಡೆದಿರುವ ವಸ್ತುವನ್ನೇ.

ನಡೆದು ಬರುವುದು ಒಂದು ಮಾತು, ಕಟ್ಟಿ ನಿಲ್ಲಿಸುವುದು ಬೇರೆಯೇ ಮಾತು. ಜಿಪ್‌ಲೈನಿನ ಕಂಬ, ಕಾಂಕ್ರೀಟ್ ಕಟ್ಟೆ, ಟೆಂಟಿಗೆಂದು ಸಮತಟ್ಟು ಮಾಡಿದ ಜಾಗ ಇವೆಲ್ಲ ಅರಣ್ಯೇತರ ಬಳಕೆಯ ಪ್ರಶ್ನೆ ಎಬ್ಬಿಸುತ್ತವೆ. ಆಗ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ, ಕೇಂದ್ರದ ಒಪ್ಪಿಗೆ ಬೇಕಾಗುತ್ತದೆ. 2023ರ ತಿದ್ದುಪಡಿ ಇದನ್ನು ಕೊಂಚ ಸಡಿಲಿಸಿತು. ಅರಣ್ಯದ ಕಾರ್ಯಯೋಜನೆಯಲ್ಲೋ ವನ್ಯಜೀವಿ ನಿರ್ವಹಣಾ ಯೋಜನೆಯಲ್ಲೋ ಸೇರಿರುವ ಪರಿಸರ ಪ್ರವಾಸೋದ್ಯಮದ ಸೌಕರ್ಯಗಳನ್ನು ಅರಣ್ಯೇತರ ಎಂದು ಪರಿಗಣಿಸಬೇಕಿಲ್ಲ ಎಂದಿತು. ಈ ಸಡಿಲಿಕೆ ನನಗೆ ಆತಂಕ ತರುತ್ತದೆ. ಯೋಜನೆಯ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಕಾಡಿನೊಳಗೆ ಕಟ್ಟಡ ಎಬ್ಬಿಸಬಹುದಾದರೆ, ಆ ಸಾಲನ್ನು ಯಾರು, ಯಾವಾಗ ಸೇರಿಸುತ್ತಾರೆ ಎಂಬುದರ ಮೇಲೆ ಜನ ಕಣ್ಣಿಡಬೇಕಾಗುತ್ತದೆ. ಸಂಘಟಕರು ಇದರಿಂದ ತಿಳಿಯಬೇಕಾದದ್ದು ಇಷ್ಟು: ತಾವು ನಡೆಸಬೇಕೆಂದಿರುವ ಪಥ ಆ ಯೋಜನೆಯಲ್ಲಿ ಇದೆಯೇ ಎಂದು ಅರ್ಜಿಗೆ ಮುಂಚೆಯೇ ವಿಚಾರಿಸಬೇಕು. ಇಲ್ಲದಿದ್ದರೆ ಯಾವ ಅಧಿಕಾರಿಯೂ ಸಹಿ ಹಾಕಲು ಮುಂದೆ ಬರುವುದಿಲ್ಲ, ಬರಲೂಬಾರದು.

ಈಗ ಅರ್ಜಿಯನ್ನೇ ನೋಡೋಣ. ‘ಗೆ, ಉಪ ಅರಣ್ಯ ಸಂರಕ್ಷಣಾಧಿಕಾರಿಗಳು. ವಿಷಯ: ಚಾರಣಕ್ಕೆ ಅನುಮತಿ ಕೋರಿ. ಮಾನ್ಯರೇ, ನಮ್ಮ ತಂಡದ 40 ಸದಸ್ಯರು ಇಂತಿಂಥ ದಿನಾಂಕದಂದು ಇಂಥ ಬೆಟ್ಟಕ್ಕೆ ಚಾರಣ ಕೈಗೊಳ್ಳಲಿದ್ದು, ದಯಮಾಡಿ ಅನುಮತಿ ನೀಡಬೇಕಾಗಿ ವಿನಂತಿ. ತಮ್ಮ ವಿಶ್ವಾಸಿ.’ ನಮ್ಮ ಬಹುತೇಕ ಅರ್ಜಿಗಳು ಇಲ್ಲಿಗೇ ಮುಗಿಯುತ್ತವೆ. ಇದನ್ನು ಓದುವ ಅಧಿಕಾರಿಯ ಜಾಗದಲ್ಲಿ ನಿಂತು ಯೋಚಿಸಿ. ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿಲೊಮೀಟರ್ ನಡಿಗೆ; ಶಿಖರದ ಎತ್ತರ 1712 ಮೀಟರ್. 1500 ಮೀಟರಿಗೂ ಹೆಚ್ಚಿನ ಏರು. ಗಿರಿಗದ್ದೆ ದಾಟಿದ ಮೇಲೆ ಹುಲ್ಲುಗುಡ್ಡ, ನೆರಳಿಲ್ಲ. ಶೇಷ ಪರ್ವತದ ಹತ್ತಿರ ಒಬ್ಬನ ಹಿಮ್ಮಡಿ ಗಂಟು ಮುರಿಯಿತು ಎಂದುಕೊಳ್ಳಿ. ಗಾಡಿ ಬರುವ ದಾರಿಯಿಲ್ಲ. ಸ್ಟ್ರೆಚರ್ ಹೊರಲು ಒಂದು ಸರದಿಗೆ ಆರು ಜನ ಬೇಕು, ಆ ಇಳಿಜಾರಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತಿಗೆ ಹೆಗಲು ಬದಲಾಯಿಸಲು ಇನ್ನೊಂದು ಆರು ಜನ. ಕತ್ತಲಾಗುತ್ತದೆ. ಉಳಿದ ಇಪ್ಪತ್ತೇಳು ಜನರನ್ನು ಯಾರು ಇಳಿಸುತ್ತಾರೆ? ಮೊಬೈಲ್ ಸಿಗ್ನಲ್ ಸಿಗುವುದು ಎಲ್ಲಿ? ಸಂಘಟಕನ ಬಳಿ ಉತ್ತರವಿಲ್ಲದಿದ್ದರೆ ಕೊನೆಗೆ ಹೊರುವವರು ಅರಣ್ಯ ಇಲಾಖೆಯ ವಾಚರ್‌ಗಳು, ಊರಿನ ಹುಡುಗರು. ಅವರಿಗೆ ಇದಕ್ಕೆ ಸಂಬಳವಿಲ್ಲ, ವಿಮೆಯೂ ಇಲ್ಲದಿರಬಹುದು.

ಹಾಗಾಗಿ ಒಳ್ಳೆಯ ಅರ್ಜಿ ವಿನಂತಿಯ ಧಾಟಿ ಬಿಟ್ಟು ಲೆಕ್ಕ ಒಪ್ಪಿಸುವ ಧಾಟಿಗೆ ಬರಬೇಕು. ಯಾವ ಕಾಲುದಾರಿ ಎಂದು ನಕ್ಷೆಯಲ್ಲಿ ಗೆರೆ ಎಳೆದಿರಬೇಕು. ಎಷ್ಟು ಜನರಿಗೆ ಎಷ್ಟು ಮಂದಿ ಮುಂದಾಳುಗಳು, ಅವರು ಎಲ್ಲಿ ಏನು ಕಲಿತವರು, ಪ್ರಥಮ ಚಿಕಿತ್ಸೆಯ ತರಬೇತಿ ಎಂದು ಮುಗಿಸಿದರು ಎಂಬ ವಿವರ ಬೇಕು. 1965ರಲ್ಲಿ ಆರಂಭವಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಕಲಿತು ಬಂದ ಕನ್ನಡಿಗರು ಬೇಕಾದಷ್ಟು ಜನರಿದ್ದಾರೆ; ನಮ್ಮದೇ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ತರಬೇತಿ ಕೊಡುತ್ತದೆ. ನೀರು ಎಲ್ಲಿ ಸಿಗುತ್ತದೆ, ಬೇಸಿಗೆಗೆ ಅದು ಬತ್ತುತ್ತದೆಯೇ, ಶೌಚಕ್ಕೆ ಏನು ವ್ಯವಸ್ಥೆ, ಹೊತ್ತೊಯ್ದ ಪ್ಲಾಸ್ಟಿಕ್ ಎಣಿಸಿ ವಾಪಸ್ ತರುವವರು ಯಾರು ಎಂಬುದು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟು ಗಂಟೆಯಾದರೆ ಎಲ್ಲಿದ್ದರೂ ಹಿಂತಿರುಗುತ್ತೇವೆ ಎಂಬ ಒಂದು ಸಾಲು ಬೇಕು. ಹಣ ಕೊಟ್ಟು ಬಂದವರು ತುದಿ ಕಾಣಲೇಬೇಕು ಎಂದು ಹಟ ಹಿಡಿದಾಗ ಮುಂದಾಳುವಿಗೆ ಬಲ ಕೊಡುವುದು ಆ ಸಾಲೇ. ಹೊರಡುವ ಮುಂಚೆ ‘ಏನಾದರೂ ಆದರೆ ನಾನೇ ಜವಾಬ್ದಾರ’ ಎಂದು ಸಹಿ ಹಾಕಿಸಿಕೊಂಡರೆ ತಮ್ಮ ಹೊಣೆ ಕಳೆಯಿತು ಎಂದು ನಂಬಿರುವ ಸಂಘಟಕರೂ ಇದ್ದಾರೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇದೆ. ಸತ್ತವನ ಸಹಿ ತೋರಿಸಿ ಅದರಿಂದ ಪಾರಾಗಲು ಆಗುವುದಿಲ್ಲ.

ಕಾಗದದಲ್ಲಿ ಬರೆದ ದಾರಿಗೂ ನಡೆದ ದಾರಿಗೂ ವ್ಯತ್ಯಾಸವಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆಯಿದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಕ್ಕ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಉದ್ಯೋಗಸ್ಥ ಯುವತಿಯರು. ಅನುಮತಿ ಇಲ್ಲದ ಮಾರ್ಗದಲ್ಲಿ ತಂಡ ಹೋಗಿತ್ತು ಎಂದು ಸರ್ಕಾರ ಹೇಳಿತು. ಅದೇ ವರ್ಷ ತಮಿಳುನಾಡು ಚಾರಣ ನಿಯಂತ್ರಣಕ್ಕೆಂದೇ ಪ್ರತ್ಯೇಕ ನಿಯಮಾವಳಿ ತಂದಿತು. 2024ರಲ್ಲಿ ‘ಟ್ರೆಕ್ ತಮಿಳುನಾಡು’ ಎಂಬ ಹೆಸರಿನಲ್ಲಿ 40 ಪಥಗಳನ್ನು ಗುರುತಿಸಿ, ಸ್ಥಳೀಯ ಮಾರ್ಗದರ್ಶಕರಿಗೆ ತರಬೇತಿ ಕೊಟ್ಟು ಇಲಾಖೆಯೇ ಚಾರಣ ಆರಂಭಿಸಿತು. ಸಾವುಗಳಾದ ಮೇಲೆ ಬಂದ ಬುದ್ಧಿ ಅದು. ಆದರೂ ನಾವು ಕಲಿಯಬಹುದು.

ಸಂಘಟಕನನ್ನೇ ಪರೀಕ್ಷಿಸಬೇಕು ಎಂಬ ತಿಳಿವಳಿಕೆ ಬೇರೆ ದೇಶಗಳಿಗೂ ಸಾವಿನಿಂದಲೇ ಬಂತು. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ಹುಟ್ಟುಹಾಕುತ್ತಿದ್ದ ಶಾಲಾ ಮಕ್ಕಳಲ್ಲಿ ನಾಲ್ವರು ಸತ್ತರು. ಆ ಸಾಹಸ ಕೇಂದ್ರದಲ್ಲಿ ಸುರಕ್ಷತೆಯೇ ಇಲ್ಲ ಎಂದು ಅಲ್ಲಿಂದ ಬಿಟ್ಟುಹೋದ ತರಬೇತುದಾರರು ಮೊದಲೇ ಪತ್ರ ಬರೆದು ಎಚ್ಚರಿಸಿದ್ದರು. ಕಂಪನಿಗೂ ಅದರ ಮುಖ್ಯಸ್ಥನಿಗೂ ಶಿಕ್ಷೆಯಾಯಿತು. 1995ರಲ್ಲಿ ಕಾಯ್ದೆ ಬಂದು, ಹದಿನೆಂಟರ ಒಳಗಿನವರಿಗೆ ಹಣ ಪಡೆದು ಬಂಡೆ ಹತ್ತಿಸುವ, ದೋಣಿ ನಡೆಸಿಸುವ, ಗುಹೆ ಹೊಗಿಸುವ, ದುರ್ಗಮ ಬೆಟ್ಟಗಳಲ್ಲಿ ಚಾರಣ ಮಾಡಿಸುವ ಸಂಸ್ಥೆಗಳಿಗೆ ಲೈಸೆನ್ಸ್ ಕಡ್ಡಾಯವಾಯಿತು. ನ್ಯೂಜಿಲೆಂಡಿನಲ್ಲಿ ಎರಡು ಬಾಗಿಲುಗಳು. ಸಂರಕ್ಷಿತ ಭೂಮಿಯಲ್ಲಿ ವ್ಯಾಪಾರಕ್ಕಾಗಿ ಜನರನ್ನು ಕರೆದೊಯ್ಯಲು ಅಲ್ಲಿನ ಸಂರಕ್ಷಣಾ ಇಲಾಖೆಯಿಂದ ಪರವಾನಗಿ ಬೇಕು. ಅಪಾಯದ ಸಾಹಸಗಳಾದರೆ ಅದರ ಜೊತೆಗೆ ಸುರಕ್ಷತಾ ತಪಾಸಣೆಯಲ್ಲಿ ಪಾಸಾಗಿ ಕಾರ್ಮಿಕ ಸುರಕ್ಷತಾ ಸಂಸ್ಥೆಯಲ್ಲಿ ನೋಂದಣಿಯಾಗಿರಬೇಕು. ನೆಲ ಕಾಯುವವರು ನೆಲದ ಪ್ರಶ್ನೆ ಕೇಳುತ್ತಾರೆ, ಜೀವ ಕಾಯುವ ಪ್ರಶ್ನೆಯನ್ನು ಅದನ್ನು ಬಲ್ಲವರು ಕೇಳುತ್ತಾರೆ. ನಮ್ಮಲ್ಲಿ ಆನೆ ಓಡಿಸಿ, ಬೆಂಕಿ ಆರಿಸಿ, ಕಳ್ಳಬೇಟೆ ತಡೆದು ದಣಿದಿರುವ ವಲಯ ಅರಣ್ಯಾಧಿಕಾರಿಯೇ ಹಗ್ಗದ ಗುಣಮಟ್ಟವನ್ನೂ ಪರಿಶೀಲಿಸಲಿ ಎಂದರೆ ಅದು ನ್ಯಾಯವಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮ ನಿರ್ವಾಹಕರ ಸಂಘದೊಂದಿಗೆ ಸೇರಿ ವಿವರವಾದ ಮಾರ್ಗಸೂಚಿ ಹೊರಡಿಸಿತು. ನೆಲದ ಮೇಲಿನ 15, ನೀರಿನ 7, ಗಾಳಿಯ 7 ಚಟುವಟಿಕೆಗಳಿಗೆ ಏನೇನು ಸಲಕರಣೆ, ಎಂಥ ತರಬೇತಿ ಬೇಕೆಂದು ಅದರಲ್ಲಿದೆ. ಒಳ್ಳೆಯ ಕೆಲಸ, ಆದರೆ ಮಾರ್ಗಸೂಚಿ ಮಾರ್ಗಸೂಚಿಯೇ, ಕಾನೂನಲ್ಲ.

ನೀರಿನ ವಿಷಯಕ್ಕೆ ಬಂದರೆ ಕೇಳಬೇಕಾದವರ ಸಾಲು ಇನ್ನೂ ಉದ್ದ. ದಾಂಡೇಲಿ ಕಡೆ ಕಾಳಿ ನದಿಯಲ್ಲಿ ಗಣೇಶಗುಡಿಯಿಂದ ರಾಫ್ಟ್ ಬಿಡುವವರ ನೀರು ಬರುವುದು ಸೂಪಾ ಅಣೆಕಟ್ಟಿನಿಂದ. ವಿದ್ಯುತ್ ನಿಗಮ ಎಷ್ಟು ನೀರು ಬಿಡುತ್ತದೋ ಅಷ್ಟೇ ಅವರ ಹೊಳೆ. ದಡ ಅರಣ್ಯದ್ದು, ನೀರು ನಿಗಮದ್ದು, ಪ್ರವಾಸಿಗರ ಹೊಣೆ ಜಿಲ್ಲಾಡಳಿತದ್ದು. 2022ರ ಏಪ್ರಿಲ್‌ನಲ್ಲಿ ಮಿತಿಮೀರಿ ಜನ ತುಂಬಿದ್ದ ರಾಫ್ಟೊಂದು ಅಲ್ಲಿ ಸೆಳವಿಗೆ ಸಿಕ್ಕಿಕೊಂಡು, ಕೂದಲೆಳೆಯಲ್ಲಿ ಜೀವಗಳು ಉಳಿದವು. ಒಂದು ರಾಫ್ಟಿಗೆ ಎಷ್ಟು ಜನ ಎಂಬುದನ್ನು ದಡದಲ್ಲೇ ನಿಂತು ಎಣಿಸುವ ಒಬ್ಬ ಸಿಬ್ಬಂದಿ ಇದ್ದರೆ ತಪ್ಪುತ್ತಿದ್ದ ಅಪಾಯ ಅದು.

ಕೆಲವು ಕಡೆ ಇಲ್ಲ ಎಂಬ ಉತ್ತರವೇ ಸರಿ. ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳು ಬೆಂಗಳೂರಿನ ಆರೋಹಿಗಳಿಗೆ ಹಿಂದೆ ಪ್ರಿಯವಾಗಿದ್ದವು. ಅದೇ ಬಂಡೆಗಳ ಚಾಚುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿಯಿಂದ ದೇಶಾದ್ಯಂತ ರಣಹದ್ದುಗಳು ನಾಶದ ಅಂಚಿಗೆ ಬಂದಿದ್ದವು. 2006ರಲ್ಲಿ ಅದರ ಪಶು ಬಳಕೆ ನಿಷೇಧವಾಯಿತು. 2012ರಲ್ಲಿ ಈ ಬೆಟ್ಟದ ಸುತ್ತಲಿನ ಸುಮಾರು 346 ಹೆಕ್ಟೇರ್ ಜಾಗ ರಣಹದ್ದು ಧಾಮವಾಯಿತು. ಗೂಡಿನ ಮೇಲಿಂದ ಹಗ್ಗ ಇಳಿಬಿಟ್ಟರೆ ಹಕ್ಕಿ ಎದ್ದುಹೋಗುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಜಾತಿಗೆ ಒಂದು ಗೂಡು ಕೆಟ್ಟರೆ ಒಂದು ವರ್ಷವೇ ಹೋದಂತೆ. ಆರೋಹಿಗಳು ಆ ಬಂಡೆಗಳನ್ನು ಬಿಟ್ಟುಕೊಟ್ಟದ್ದು ದೊಡ್ಡ ತ್ಯಾಗವೇನಲ್ಲ, ಆದರೆ ಸರಿಯಾದ ನಡೆ. ಪಕ್ಕದಲ್ಲೇ ಹತ್ತಲು ಬೇರೆ ಬೆಟ್ಟಗಳಿವೆ. ಅಮೆರಿಕದ ಯೊಸೆಮಿಟಿಯಲ್ಲಿ ಪೆರೆಗ್ರಿನ್ ಡೇಗೆಗಳು ಗೂಡು ಕಟ್ಟುವ ಬಂಡೆಗಳನ್ನು ಮಾರ್ಚ್‌ನಿಂದ ಜುಲೈ ಮಧ್ಯದವರೆಗೆ ಮುಚ್ಚಿ, ಮರಿ ಹಾರಿದ ಮೇಲೆ ತೆರೆಯುತ್ತಾರೆ. ಎಲ್ಲ ಕಡೆ ಪೂರ್ತಿ ನಿಷೇಧವೇ ಬೇಕಾಗುವುದಿಲ್ಲ, ಎಲ್ಲಿ ಯಾವ ಹಕ್ಕಿ ಯಾವ ತಿಂಗಳು ಎಂಬ ಮಾಹಿತಿ ಬೇಕಾಗುತ್ತದೆ. ಆ ಮಾಹಿತಿ ಹಕ್ಕಿ ವೀಕ್ಷಕರ ಬಳಿಯೂ ಆರೋಹಿಗಳ ಬಳಿಯೂ ಇದೆ. ಇಲಾಖೆ ಅವರನ್ನು ಕರೆದು ಕೂರಿಸಿಕೊಳ್ಳಬೇಕು.

ಹಾಗೆಂದು ಗಲಾಟೆಯಾದಾಗಲೆಲ್ಲ ಒಟ್ಟಾಗಿ ಬಾಗಿಲು ಹಾಕುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ನಿಯಮ ಪಾಲಿಸುವವನು ಮನೆಯಲ್ಲಿ ಕೂರುತ್ತಾನೆ, ಪಾಲಿಸದವನು ರಾತ್ರಿ ಎರಡು ಗಂಟೆಗೆ ಕಾಫಿ ತೋಟದ ಬೇಲಿ ದಾಟಿ ಜನರನ್ನು ಹತ್ತಿಸುತ್ತಾನೆ. ಆ ತಂಡದ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ದಾರಿ ತಪ್ಪಿದರೆ ಹುಡುಕಬೇಕೆಂಬುದೂ ಯಾರಿಗೂ ಗೊತ್ತಾಗುವುದಿಲ್ಲ. ನಿಷೇಧದ ಇನ್ನೊಂದು ಪೆಟ್ಟು ಬೀಳುವುದು ಊರಿನವರ ಮೇಲೆ. ಕುದುರೆಮುಖ ಚಾರಣ ಶುರುವಾಗುವ ಮುಳ್ಳೋಡಿ, ನೇತ್ರಾವತಿ ಶಿಖರದ ದಾರಿಯ ಸಂಸೆ ಇಲ್ಲೆಲ್ಲ ಜೀಪು ಓಡಿಸುವವರು, ಹೋಮ್‌ಸ್ಟೇಯಲ್ಲಿ ಅಕ್ಕಿರೊಟ್ಟಿ ಬೇಯಿಸುವವರು, ಗೈಡ್ ಆಗಿ ಮುಂದೆ ನಡೆಯುವ ಹುಡುಗರು ವಾರಾಂತ್ಯವನ್ನೇ ನೆಚ್ಚಿಕೊಂಡಿದ್ದಾರೆ. ಮಂಜು ಕವಿದರೆ ಯಾವ ಕಣಿವೆಗೆ ಇಳಿಯಬಾರದು, ಯಾವ ಹಳ್ಳ ಮಧ್ಯಾಹ್ನದ ಮಳೆಗೆ ಏರುತ್ತದೆ ಎಂಬುದು ಬೆಂಗಳೂರಿನ ಟ್ರೆಕ್ ಲೀಡ್‌ಗಿಂತ ಆ ಹುಡುಗರಿಗೆ ಚೆನ್ನಾಗಿ ಗೊತ್ತು. ಸಂಘಟಕರ ಪರವಾನಗಿಗೆ ಷರತ್ತು ಹಾಕುವುದಾದರೆ ಇಂಥ ಸ್ಥಳೀಯ ಮಾರ್ಗದರ್ಶಕ ಇಲ್ಲದೆ ತಂಡ ಹೊರಡಬಾರದು ಎಂಬುದೇ ನನ್ನ ಮೊದಲ ಷರತ್ತಾಗಿರುತ್ತದೆ. ಶುಲ್ಕದ ಒಂದು ಪಾಲು ಗ್ರಾಮ ಅರಣ್ಯ ಸಮಿತಿಗೆ ನೇರವಾಗಿ ಹೋಗಬೇಕು. ಆ ಊರಿನವರಿಗೆ ರಕ್ಷಣಾ ತರಬೇತಿಯೂ ಒಂದು ಮಡಚುವ ಸ್ಟ್ರೆಚರ್ರೂ ಅದರಿಂದಲೇ ಬರಬೇಕು.

ಅರ್ಜಿಗೆ ಉತ್ತರ ಬರುವ ದಿನವೂ ನಿಗದಿಯಾಗಿರಬೇಕು. ಸರ್ಕಾರಿ ಸೇವೆಗಳಿಗೆ ಗಡುವು ಕಟ್ಟುವ ಸಕಾಲ ಕಾಯ್ದೆಯನ್ನು 2011ರಲ್ಲೇ ತಂದ ರಾಜ್ಯ ನಮ್ಮದು. ಸಂಘಟಕರ ಪರವಾನಗಿಗೂ ಅಂಥ ಗಡುವು ಇರಲಿ. ಕೊಡದಿದ್ದರೆ ಏಕೆ ಕೊಡಲಿಲ್ಲ ಎಂದು ಬರೆದು ತಿಳಿಸಲಿ. ಕೆಲಸ ಗೊತ್ತಿರುವ ಸಣ್ಣ ತಂಡಗಳಿಗೆ ಅದರಷ್ಟು ದೊಡ್ಡ ಆಸರೆ ಇನ್ನೊಂದಿಲ್ಲ. ಮಳೆ ನಿಂತು ಕುಮಾರ ಪರ್ವತದಂಥ ಪಥಗಳು ತೆರೆಯುವುದು ಅಕ್ಟೋಬರ್ ಹೊತ್ತಿಗೆ. ಹುಲ್ಲು ಒಣಗಿ ಬೆಂಕಿಯ ಭಯದಿಂದ ಮುಚ್ಚುವುದು ಫೆಬ್ರುವರಿಯ ಸುಮಾರಿಗೆ. ನಡುವೆ ಸಿಗುವುದು ನಾಲ್ಕೈದು ತಿಂಗಳು. ಅರ್ಜಿ ತರಿಸಿ, ಮುಂದಾಳುಗಳ ಅರ್ಹತೆ ನೋಡಿ, ಪಥಕ್ಕೆ ಇಷ್ಟು ಸಂಘಟಕರು ಎಂದು ಪಟ್ಟಿ ಮಾಡಿ, ಅವರ ಹೆಸರನ್ನು ಟಿಕೆಟ್ ಸಿಗುವ ಅದೇ ಜಾಲತಾಣದಲ್ಲಿ ಹಾಕಲು ಮಳೆಗಾಲದ ತಿಂಗಳುಗಳು ಇಲಾಖೆಗೂ ಸಂಘಟಕರಿಗೂ ಬಿಡುವಾಗಿಯೇ ಇರುತ್ತವೆ. ಹಣ ಕಟ್ಟುವ ಮುಂಚೆ ಆ ಪಟ್ಟಿಯಲ್ಲಿ ತನ್ನ ಮಗಳನ್ನು ಕರೆದೊಯ್ಯುವವನ ಹೆಸರು ಇದೆಯೇ ಎಂದು ಒಬ್ಬ ತಾಯಿ ಹುಡುಕಿ ನೋಡುವಂತಾಗಬೇಕು.